ಮೂರನೆಯ ಲುಟ್ಸ್

ಹೂಗುಚ್ಛ ಚಿಗುಸಾಳ ಕಣ್ಣಿಗೆ ಬಿದ್ದದ್ದು ಆಕಸ್ಮಿಕವಾಗಿ. ಬೂಟಿನ ದಾರ ಬಿಗಿದುಕೊಳ್ಳಲು ಒಂದು ಬೆಂಚು ಹುಡುಕುತ್ತ ಪರದೆಯ ಹಿಂದಕ್ಕೆ ಹೋಗಿದ್ದಳು. ಅಲ್ಲಿ ಬಕೆಟ್ಟಿನ ನೀರಿನಲ್ಲಿ ಬಿಳಿ ಮತ್ತು ನೇರಳೆ ಹೂಗಳ ದೊಡ್ಡ ಗೊಂಚಲೊಂದು ನಿಂತಿತ್ತು. ರಿಬ್ಬನ್ನಿನ ಮೇಲೆ ಚಿನ್ನದ ಅಕ್ಷರ: ‘ನತ್ಸುಬೊರಿ ಚಿಗುಸಾ ಅವರಿಗೆ. ಇಷ್ಟು ವರ್ಷ ದಣಿದಿರಿ, ಇನ್ನು ವಿಶ್ರಮಿಸಿ.’

ಅವಳಿನ್ನೂ ಐಸ್ ಮೇಲೆ ಕಾಲೇ ಇಟ್ಟಿರಲಿಲ್ಲ. ಉಸಿರಿರುವಾಗಲೇ ತಿಥಿಗೆ ದಿನ ಗೊತ್ತು ಮಾಡಿದ್ದಾರಲ್ಲ ಎಂದು ಮೈ ಉರಿದುಹೋಯಿತು. ವಿದಾಯ ಹೇಳುತ್ತೇನೆಂದು ಅವಳು ಯಾರ ಬಳಿಯೂ ಬಾಯಿಬಿಟ್ಟವಳಲ್ಲ. ವಯಸ್ಸು ಇಪ್ಪತ್ತೆಂಟಾಗಿದೆ ಎಂಬುದೇ ಅವಳ ರಾಜೀನಾಮೆ ಎಂದು ಐಸ್ ಸ್ಕೇಟಿಂಗ್ ಸಂಘದವರು ಓದಿಕೊಂಡಿದ್ದರು, ಅಷ್ಟೆ.

ಸ್ಪರ್ಧೆ ನಡೆಯುತ್ತಿದ್ದದ್ದು ಅವಳ ಊರಾದ ಹಾಚಿನೊಹೆಯಲ್ಲೇ. ಹಲವು ದೇಶಗಳ ಹುಡುಗಿಯರು ಬಂದಿಳಿದಿದ್ದರು. ಮೊದಲ ಸುತ್ತಿನಲ್ಲಿ ಚಿಗುಸಾ ಐದನೆಯವಳಾಗಿದ್ದಳು, ಇಂದು ದೀರ್ಘ ಸುತ್ತು, ಚೀಟಿ ಎತ್ತಿದಾಗ ಸಿಕ್ಕಿದ್ದು ಕಟ್ಟಕಡೆಯ ಸರದಿ. ಮೊದಲ ಮೂವರಲ್ಲಿ ಬಂದರೆ ವಸಂತದಲ್ಲಿ ವಿಶ್ವ ಸ್ಪರ್ಧೆಗೆ ಹೋಗುವ ತಂಡದಲ್ಲಿ ಜಾಗ. ಬರದಿದ್ದರೆ ಸಂಘದ ತಂಡದಿಂದ ಹೆಸರು ಹೋಗುತ್ತದೆ, ಆ ವಯಸ್ಸಿನಲ್ಲಿ ಒಮ್ಮೆ ಹೋದ ಹೆಸರನ್ನು ಮತ್ತೆ ಸೇರಿಸುವವರು ಯಾರೂ ಇಲ್ಲ.

ಊರಿನವರು ಅವಳನ್ನು ಕರೆಯುತ್ತಿದ್ದದ್ದು ‘ಮೂರನೇಸಲ’ ಎಂದು. ಪ್ರೀತಿಯಿಂದಲೇ ಕರೆಯುತ್ತಿದ್ದರು, ಆದರೆ ಪ್ರೀತಿಯ ಮುಳ್ಳೂ ಚುಚ್ಚುತ್ತದೆ. ನಾಲ್ಕು ವರ್ಷದ ಹಿಂದೆ ಇದೇ ರಿಂಕಿನಲ್ಲಿ ರಾಷ್ಟ್ರೀಯ ಸ್ಪರ್ಧೆ ನಡೆದಿತ್ತು. ಗಾಳಿಯಲ್ಲಿ ಮೂರು ಸುತ್ತು ತಿರುಗುವ ಒಂದೇ ನೆಗೆತವನ್ನು ಎರಡು ಸಲ ಮಾಡಬಹುದು, ಮೂರನೆಯ ಸಲ ಮಾಡಿದರೆ ಅದಕ್ಕೆ ಸಿಗುವುದು ಸೊನ್ನೆ. ಇದು ಆ ಊರಿನ ಮೀನು ಮಾರುವ ಹೆಂಗಸರಿಗೂ ಗೊತ್ತಿರುವ ನಿಯಮ. ಅಂದು ಅವಳು ಸಂಗೀತದ ಭರಾಟೆಯಲ್ಲಿ ಲೆಕ್ಕ ತಪ್ಪಿ ಲುಟ್ಸ್ ಎಂಬ ನೆಗೆತವನ್ನು ಮೂರನೆಯ ಸಲ ಹಾರಿದಳು. ಅವಳ ಜನ್ಮದಲ್ಲೇ ಅಷ್ಟು ಚೆಂದದ ಲುಟ್ಸ್ ಬಂದಿರಲಿಲ್ಲ. ಬಂದದ್ದು ಸೊನ್ನೆ. ಕೂದಲೆಳೆಯ ಅಂತರದಲ್ಲಿ ತಂಡದ ಜಾಗ ಕೈತಪ್ಪಿತು. ಆಮೇಲೆ ಎಲ್ಲರೂ ಮಾಡುವಂತೆ ಅವಳೂ ಮೈಕಿನ ಮುಂದೆ ನಿಂತು, ಸೊಂಟ ಬಗ್ಗಿಸಿ, ‘ನಿಮ್ಮ ನಿರೀಕ್ಷೆ ಹುಸಿ ಮಾಡಿದೆ, ಕ್ಷಮಿಸಿ’ ಎಂದು ಅತ್ತಳು. ಆ ಅಳುವನ್ನು ಟೀವಿಯವರು ಉಪ್ಪಿನಕಾಯಿ ಹಾಕಿಟ್ಟು, ಪ್ರತಿ ಚಳಿಗಾಲಕ್ಕೂ ಹೊರತೆಗೆದು ಬಡಿಸುತ್ತಿದ್ದರು.

“ಓ, ಇಲ್ಲಿದ್ದೀಯಾ?” ಸಂಘದ ನಿರ್ದೇಶಕ ಕುರೊನುಮಾ ಪರದೆ ಸರಿಸಿ ಬಂದರು. ಹೂವಿನ ಮೇಲೆ ಅವಳ ಕಣ್ಣಿರುವುದನ್ನು ಕಂಡು ಗಂಟಲು ಸರಿಮಾಡಿಕೊಂಡರು. “ನೋಡಿಬಿಟ್ಯಾ! ಆಮೇಲೆ ಕೊಟ್ಟು ಖುಷಿಪಡಿಸೋಣ ಅಂತಿದ್ವಿ.”

“ನಾನು ಬಿಡ್ತೀನಿ ಅಂತ ಯಾರು ಹೇಳಿದ್ದು ನಿಮಗೆ?”

“ಯಾರಾದ್ರೂ ಹೇಳ್ಬೇಕೇನಮ್ಮಾ? ನಿನ್ನ ಕಾಲೇ ಹೇಳ್ತಿದೆ. ಇವತ್ತು ಆ ಲುಟ್ಸ್ ಗಿಟ್ಸ್ ಅಂತ ಹೆಚ್ಚು ಹಟ ಮಾಡ್ಬೇಡ. ಬೀಳದೆ ಚೆಂದಾಗಿ ಆಡು, ಊರಿನೋರು ಕಣ್ತುಂಬ ನೋಡ್ಲಿ. ಕೊನೆಗೆ ಮೈಕ್ ಮುಂದೆ ಎರಡು ಮಾತು. ಹೋದ ಸಲ ಎಷ್ಟು ಚೆನ್ನಾಗಿ ಹೇಳಿದ್ದೆ! ಎಲ್ಲರ ಕಣ್ಣಲ್ಲೂ ನೀರು.”

“ನೀರು ಬೇಕಿದ್ರೆ ಬಕೆಟ್ಟಲ್ಲಿದೆ,” ಎಂದು ಚಿಗುಸಾ ಹೊರಟುಬಂದಳು.

ಅವಳ ಕೋಚ್ ಇವಾದಾತೆ ಮೇಷ್ಟ್ರು ರಿಂಕಿನ ಕಟಕಟೆಯ ಬಳಿ ಒಣಗಿಸಿದ ಬೊಂಡಾಸ್ ಮೀನಿನ ಚೂರು ಜಗಿಯುತ್ತ ನಿಂತಿದ್ದರು. ಅವರಿಗೆ ಹೆದರಿಕೆಯಾದಾಗಲೆಲ್ಲ ಬಾಯಿಗೆ ಏನಾದರೂ ಬೇಕು.

“ಮೇಷ್ಟ್ರೇ, ಹೂವಿನ ವಿಷಯ ನಿಮಗೆ ಗೊತ್ತಿತ್ತಾ?”

ಜಗಿಯುವುದು ನಿಂತಿತು. “ಬೆಳಿಗ್ಗೆ ಗೊತ್ತಾಯ್ತು. ನಿಂಗೆ ಯಾಕೆ ಹೇಳ್ಲಿ ಅಂತ ಸುಮ್ಮನಿದ್ದೆ.”

“ಹೇಳಿದ್ದಿದ್ರೆ ಬೆಳಿಗ್ಗೆಯಿಂದಲೇ ಸಿಟ್ಟು ಬರ್ತಿತ್ತು. ಸಿಟ್ಟು ಬಂದ್ರೆ ನಾನು ಚೆನ್ನಾಗಿ ಹಾರ್ತೀನಿ.”

“ಹಾಗಾದ್ರೆ ಈಗ ಬಂದಿದೆಯಲ್ಲ, ಹೋಗು,” ಎಂದು ಮೇಷ್ಟ್ರು ಅವಳ ಬೆನ್ನಿಗೊಂದು ಗುದ್ದಿದರು.

ಅವಳ ಹೆಸರು ಕೂಗುತ್ತಲೇ ಮೇಲಿನ ಸಾಲಿನಿಂದ ಸಂತೆಯ ಹೆಂಗಸೊಬ್ಬಳ ದನಿ ಬಂತು: “ಮೂರನೇಸಲಾ! ಎಣಿಸ್ಕೊಂಡು ಹಾರಮ್ಮಾ!” ಇಡೀ ಅಂಗಳ ನಕ್ಕಿತು. ಚಿಗುಸಾಗೂ ನಗು ಬಂತು.

ಲುಟ್ಸ್ ಎಂಬುದು ವಕ್ರಬುದ್ಧಿಯ ನೆಗೆತ. ಮೈ ಒಂದು ಕಡೆಗೆ ಬಾಗಿ ಹಿಂದಕ್ಕೆ ಜಾರುತ್ತಿರುತ್ತದೆ, ಹಾರಿದ ಮೇಲೆ ಅದಕ್ಕೆ ಎದುರು ದಿಕ್ಕಿನಲ್ಲಿ ತಿರುಗಬೇಕು. ಬಂದ ದಾರಿಯ ಜೊತೆ ಜಗಳ ಆಡದಿದ್ದರೆ ಅದು ಲುಟ್ಸೇ ಅಲ್ಲ. ಎಳವೆಯಲ್ಲಿ ಉಳಿದ ಮಕ್ಕಳೆಲ್ಲ ಅತ್ತುಕೊಂಡು ಕಲಿತದ್ದನ್ನು ಚಿಗುಸಾ ಎರಡೇ ವಾರದಲ್ಲಿ ಕಲಿತಿದ್ದಳು.

ಆದರೆ ಇಂದಿನ ಮೊದಲ ಲುಟ್ಸ್ ಕೈಕೊಟ್ಟಿತು. ಗಾಳಿಯಲ್ಲಿ ಮೈ ಬೇಗ ಬಿಚ್ಚಿಕೊಂಡು, ಮೂರು ಸುತ್ತಬೇಕಾದಲ್ಲಿ ಎರಡೇ ಸುತ್ತಿ ಇಳಿದಳು. ಜನ ‘ಅಯ್ಯೋ’ ಎಂದರು. ಎರಡನೆಯದು ಸರಿಯಾಗಿ ಬಂತು, ಪೂರ್ತಿ ಮೂರು ಸುತ್ತು, ಮೆತ್ತಗಿನ ಇಳಿತ. ಮಿಕ್ಕ ನೆಗೆತಗಳೂ ಒಂದೊಂದಾಗಿ ದಡ ಸೇರಿದವು. ಆದರೂ ಮೊದಲ ಪೆಟ್ಟಿನ ನಷ್ಟ ತುಂಬಿಲ್ಲವೆಂದು ಅವಳಿಗೆ ಗೊತ್ತಿತ್ತು. ನೆಗೆತಕ್ಕೆ ಉಳಿದಿದ್ದದ್ದು ಒಂದೇ ಜಾಗ, ಅಲ್ಲಿಗೆ ಗೊತ್ತು ಮಾಡಿದ್ದದ್ದು ಒಂದು ಸುಲಭದ ಜಿಗಿತ. ಅದನ್ನು ಎಷ್ಟು ಅಚ್ಚುಕಟ್ಟಾಗಿ ಮಾಡಿದರೂ ನಾಲ್ಕನೆಯ ಸ್ಥಾನ, ಹೂಗುಚ್ಛ, ಮೈಕು.

ಚಿಗುಸಾ ಎಣಿಸಿದಳು. ಹಾರಿದ್ದು ಎರಡು ಲುಟ್ಸ್. ಆದರೆ ಮೂರು ಸುತ್ತು ಬಂದದ್ದು ಒಂದಕ್ಕೇ. ನಿಯಮ ಎಣಿಸುವುದು ಮೂರು ಸುತ್ತಿದವನ್ನು. ಎರಡು ಸುತ್ತಿದ್ದು ಬೇರೆಯೇ ನೆಗೆತ.

ದಿಕ್ಕು ಬದಲಿಸಿ, ಅಂಗಳದ ಮೂಲೆಗೆ ಉದ್ದಕ್ಕೆ ಹಿಂದೆ ಜಾರತೊಡಗಿದಳು. ಆ ಉದ್ದದ ಓಟ ಯಾವುದಕ್ಕೆಂದು ಊರಿಗೆಲ್ಲ ಗೊತ್ತು. “ಬೇಡ! ಮೂರನೇದು! ಮೂರನೇದು!” ಎಂದು ಸಾಲುಸಾಲಾಗಿ ಜನ ಎದ್ದು ನಿಂತರು. ಮೇಷ್ಟ್ರು ಬಾಯಲ್ಲಿದ್ದ ಮೀನನ್ನು ಉಗುಳಿ, “ಬೇಡ್ವೇ, ಹುಚ್ಚೀ!” ಎಂದು ಕಟಕಟೆ ಬಡಿದರು. ಹೆದರಿಕೆಯಲ್ಲಿ ಅವರಿಗೂ ಲೆಕ್ಕ ತಪ್ಪಿತ್ತು. ಎಲ್ಲರೂ ಬೇಡ ಎನ್ನುತ್ತಿರುವಾಗ ಬೇಕು ಎನ್ನುವುದರಲ್ಲಿ ಎಂಥ ಸುಖವಿದೆ ಎಂದು ಅವಳಿಗೆ ಆ ಕ್ಷಣ ಅನ್ನಿಸಿತು. ಬೂಟಿನ ಮೊನೆಯನ್ನು ಐಸಿಗೆ ಊರಿ ಹಾರಿದಳು.

ಮೂರು ಸುತ್ತಿ ಒಂಟಿಕಾಲಿನಲ್ಲಿ ಇಳಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಸಂತೆಯ ಹೆಂಗಸು ಮುಖ ಮುಚ್ಚಿಕೊಂಡು ಕೂತಿದ್ದಳು.

ಅಂಕಕ್ಕೆ ಕಾಯುವ ಬೆಂಚಿನಲ್ಲಿ ಮೇಷ್ಟ್ರು ತಲೆ ತಗ್ಗಿಸಿ ಕೂತರು. “ಮತ್ತೆ ಅದೇ ತಪ್ಪು ಮಾಡ್ದೆಯಲ್ಲೇ.”

“ಮೊದಲನೇದು ಎಷ್ಟು ಸುತ್ತು, ಮೇಷ್ಟ್ರೇ?”

ಮೇಷ್ಟ್ರು ಬೆರಳು ಮಡಿಸಿದರು, ಬಿಡಿಸಿದರು, ಬಾಯಿ ತೆರೆದರು. ಅಷ್ಟರಲ್ಲಿ ಕುರೊನುಮಾ ಹೂಗುಚ್ಛ ಹೊತ್ತು ಬಂದೇಬಿಟ್ಟರು. ಹಿಂದೆ ಕ್ಯಾಮರಾ. ಅಂಕ ಬರುವವರೆಗೆ ಕಾಯುವ ವ್ಯವಧಾನವೂ ಅವರಿಗಿರಲಿಲ್ಲ, ಸೊನ್ನೆಯೆಂದು ಅವರೂ ತೀರ್ಮಾನಿಸಿದ್ದರು. “ನತ್ಸುಬೊರಿ, ಇಷ್ಟು ವರ್ಷ ದಣಿದೆ,” ಎಂದು ಎರಡೂ ಕೈಯಿಂದ ಮುಂದೆ ಹಿಡಿದು ತಲೆ ಬಾಗಿಸಿದರು.

ಚಿಗುಸಾ ಕೈ ಚಾಚಲಿಲ್ಲ. ನಿರ್ದೇಶಕರು ಬಗ್ಗಿದಂತೆಯೇ ನಿಂತಿರುವಾಗ ಅವರ ತಲೆಯ ಮೇಲಿನ ಪರದೆಯಲ್ಲಿ ಅಂಕ ಮೂಡಿತು. ಕೊನೆಯ ಲುಟ್ಸ್‌ಗೆ ಪೂರ್ತಿ ಬೆಲೆ. ಅವಳ ಹೆಸರಿನ ಮುಂದೆ ಮೂರು.

ಆಮೇಲೆ ಮೇಲಿನ ಸಾಲಿನಿಂದ, “ಮೂರನೇದು! ಮೂರನೇದು!” ಎಂಬ ಕೂಗು. ಈ ಸಲ ಹೇಳುತ್ತಿದ್ದದ್ದು ಸ್ಥಾನವನ್ನು. ಮೇಷ್ಟ್ರು ಅಳುತ್ತ ನಗುತ್ತ ಅವಳ ಹೆಗಲು ಹಿಡಿದು ಅಲುಗಾಡಿಸಿದರು.

“ಕುರೊನುಮಾ ಅವರೇ, ನೆಟ್ಟಗೆ ನಿಂತ್ಕೊಳ್ಳಿ, ಸೊಂಟ ಹಿಡ್ಕೊಳ್ಳುತ್ತೆ,” ಎಂದಳು ಚಿಗುಸಾ. “ಹೂವು ಬಾಡ್ಲಿ, ರಿಬ್ಬನ್ ಎತ್ತಿಡಿ. ಮಾರ್ಚಿಗೆ ನಿಮ್ಮ ನಿವೃತ್ತಿ ಅಲ್ವಾ? ಹೆಸರೊಂದು ತಿದ್ದಿದ್ರೆ ಸಾಕು.”

ಮೈಕಿನ ಮುಂದೆ ವರದಿಗಾರ ಹಳೆಯ ಅಳುವಿಗೇ ಕೈ ಹಾಕಿದ. “ನಾಲ್ಕು ವರ್ಷದ ಹಿಂದೆ ಇದೇ ಜಾಗದಲ್ಲಿ ನೀವು ಕಣ್ಣೀರಿಟ್ಟು ಕ್ಷಮೆ ಕೇಳಿದ್ರಿ. ಅವತ್ತಿನ ಚಿಗುಸಾಗೆ ಇವತ್ತು ಏನು ಹೇಳ್ತೀರಿ?”

“ಅವಳಿಗೇನಿಲ್ಲ. ನಿಮಗೆ ಹೇಳೋದಿದೆ. ಅವತ್ತು ನಾನು ಹಾರಿದ್ದು ನನ್ನ ಜೀವನದ ಅತಿ ಚೆಂದದ ಲುಟ್ಸ್. ಅದಕ್ಕೆ ಸೊನ್ನೆ ಕೊಟ್ಟಿದ್ದು ನಿಯಮ, ಸರಿ, ತಗೊಂಡೆ. ಆದ್ರೆ ಕ್ಷಮೆ ಕೇಳಿದ್ದು ನಾನು, ಅದು ನನ್ನ ತಪ್ಪು.” ಅವಳು ಮೈಕನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. “ಆ ಕ್ಷಮೆ ನನಗೆ ವಾಪಸ್ ಬೇಕು. ಕೊಟ್ಬಿಡಿ.”