ಕೃಷ್ಣಪ್ಪನ ಕೈಯಲ್ಲಿ ಕಳಿಸಿದ ಎಣ್ಣೆ

ಊರಿನಿಂದ ಯಾರಾದರೂ ದುಬೈಗೆ ಬರುತ್ತಾರೆಂದು ಗೊತ್ತಾದರೆ ಸಾಕು, ಅವರ ಸೂಟ್‌ಕೇಸಿನಲ್ಲಿ ಅರ್ಧ ನಮ್ಮದೇ ಎಂದು ನಾವು ತಿಳಿದುಬಿಡುತ್ತೇವೆ. ಒಬ್ಬರದು ಉಪ್ಪಿನಕಾಯಿ, ಇನ್ನೊಬ್ಬರದು ಹಪ್ಪಳ, ಮತ್ತೊಬ್ಬರದು ಮದ್ದು. ತರುವವರೂ ಕಟ್ಟು ಬಿಚ್ಚಿ ನೋಡುವುದಿಲ್ಲ. ನೋಡಿದರೆ ನಂಬಿಕೆ ಇಲ್ಲವೆಂದಾಯಿತಲ್ಲ! ಈ ಹಾಳು ಮರ್ಯಾದೆ ಒಬ್ಬ ಬಡಪಾಯಿಯನ್ನು ಎಲ್ಲಿಗೆ ಮುಟ್ಟಿಸಿತು ಎಂಬುದನ್ನು ಕೇಳಿ.

ದುಬೈಯ ಊದ್ ಮೇಥಾ ಬಡಾವಣೆಯ ಒಂದು ಫ್ಲಾಟಿನಲ್ಲಿ ಕ್ಯಾರಲ್ ಮತ್ತು ಅವಳ ಗಂಡ ಲಿಡ್ವಿನ್ ಇದ್ದರು. ಕ್ಯಾರಲ್ ಶಾಲೆಯೊಂದರ ಆಫೀಸಿನಲ್ಲಿ, ಲಿಡ್ವಿನ್ ಹೋಟೆಲೊಂದರ ಸ್ಟೋರಿನಲ್ಲಿ. ಆರು ತಿಂಗಳ ಹಿಂದೆ ಲಿಡ್ವಿನ್‌ಗೆ ಕ್ಯಾನ್ಸರ್ ಎಂದು ತಿಳಿಯಿತು. ಅದು ಬೆನ್ನಿನ ಮೂಳೆಗೂ ಇಳಿದಿತ್ತು. ಕೂತರೆ ನೋವು, ಮಲಗಿದರೆ ಇನ್ನೂ ನೋವು. ಗಂಡ ದಿಂಬು ಕಚ್ಚಿಕೊಂಡು ನರಳುವುದನ್ನು ನೋಡಿ ನೋಡಿ ಕ್ಯಾರಲ್ ಸೋತುಹೋಗಿದ್ದಳು. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. ಊರಿನಲ್ಲಿದ್ದ ನಾದಿನಿ ಬ್ರೆಂಡಾ ಒಂದು ಮದ್ದಿನ ಸುದ್ದಿ ಹೇಳಿದಾಗ ಅವಳು ಹಿಂದೆ ಮುಂದೆ ನೋಡಲಿಲ್ಲ.

ಆ ಶನಿವಾರ ಸಂಜೆ ಪಕ್ಕದ ಫ್ಲಾಟಿನ ಸುಪ್ರೀತಾ ಗಂಜಿ ಹಿಡಿದು ಬಂದಳು. ಅವಳು ಉಡುಪಿಯವಳು, ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ.

"ಇನ್ನು ಇವರಿಗೆ ಕಷ್ಟ ಇಲ್ಲ ಸುಪ್ರೀತಾ," ಎಂದಳು ಕ್ಯಾರಲ್. "ಊರಿಂದ ಭಂಗಿ ಎಣ್ಣೆ ಬರ್ತಾ ಉಂಟು."

ಸುಪ್ರೀತಾ ಪಾತ್ರೆ ಕೆಳಗಿಟ್ಟಳು. "ಎಂತ ಎಣ್ಣೆ?"

"ಹೆದರ್ಬೇಡ ಮಾರಾಯ್ತಿ, ಸೇದುವ ಗಾಂಜಾ ಅಲ್ಲ. ನಾಲಗೆ ಅಡಿಗೆ ಎರಡು ಹನಿ ಬಿಡುವುದು, ಅಷ್ಟೇ. ಹೊಸಬರಿಗೆ ಅದೇ ಒಳ್ಳೇದಂತೆ. ಅದೇ ಹಾಕಿದ ನಾಲ್ಕು ಜೆಲ್ಲಿ ಮಿಠಾಯಿ ಕೂಡ ಉಂಟು. ಆಯುರ್ವೇದ ಡಾಕ್ಟರರ ಚೀಟಿ ಮೇಲೇ ಬ್ರೆಂಡಾ ತಕ್ಕೊಂಡದ್ದು."

"ಕೆಲವು ದೇಶಗಳಲ್ಲಿ ಡಾಕ್ಟರರೇ ಕೊಡ್ತಾರೆ ಅಕ್ಕ, ನಿಜ. ಹನಿ, ಕ್ಯಾಪ್ಸೂಲ್, ಜೆಲ್ಲಿ, ಹಚ್ಚುವ ಮುಲಾಮು, ಆವಿ ಎಳೆಯುವ ಪೆನ್ನು, ಎಲ್ಲ ಉಂಟು. ಅಲ್ಲೂ ಹುಡುಗಾಟ ಅಲ್ಲ ಅದು. ಜೆಲ್ಲಿ ತಿಂದ್ರೆ ಅಮಲು ಹಿಡಿಯಲಿಕ್ಕೆ ಎರಡು ಗಂಟೆ ಬೇಕಾದೀತು. ಏನೂ ಆಗ್ಲಿಲ್ಲ ಅಂತ ಹೊಸಬರು ಇನ್ನೊಂದು ತಿಂತಾರೆ, ಆಮೇಲೆ ತಲೆ ತಿರುಗಿ ಬೀಳ್ತಾರೆ. ಬೇರೆ ಮಾತ್ರೆ ಜೊತೆ ಸೇರಿದ್ರೆ ಇನ್ನೊಂದು ಅವಸ್ಥೆ. ಆದ್ರೆ ಇಲ್ಲಿ ಆ ದಾರಿ ಒಂದೂ ಇಲ್ಲ. ನಾಲಗೆಗೆ ಬಿಡಿ, ಚರ್ಮಕ್ಕೆ ಹಚ್ಚಿ, ಈ ದೇಶದ ಕಾನೂನಿಗೆ ಅದು ಮಾದಕ ವಸ್ತುವೇ. ಊರಿನ ಚೀಟಿ ಇಲ್ಲಿ ನಡೆಯುದಿಲ್ಲ."

"ಗೊತ್ತಾದ್ರಲ್ವಾ?" ಕ್ಯಾರಲ್ ದನಿ ತಗ್ಗಿಸಿದಳು. "ಬ್ರೆಂಡಾ ಅದನ್ನು ತೆಂಗಿನೆಣ್ಣೆ ಬಾಟ್ಲಿಗೆ ಹಾಕಿದ್ದಾಳೆ. ಇವರ ಕಾಯಿಲೆ ಊರಿಡೀ ಸುದ್ದಿ ಆಗುವುದು ಬೇಡ ಅಂತ."

"ಅಯ್ಯೋ, ಅದು ಬಚ್ಚಿಟ್ಟು ತಂದ ಹಾಗೇ ಆಯ್ತಲ್ಲ ಅಕ್ಕ! ತರುವುದು ಯಾರು?"

"ನಮ್ಮ ಕೃಷ್ಣಪ್ಪಣ್ಣ."

ಕೃಷ್ಣಪ್ಪ ಲಿಡ್ವಿನ್‌ನ ಹೋಟೆಲಿನ ಅಡುಗೆಯವನು. ಮಗಳ ನಿಶ್ಚಿತಾರ್ಥಕ್ಕೆ ಊರಿಗೆ ಹೋಗಿ ಆ ದಿನವೇ ಮರಳುತ್ತಿದ್ದ. ದುಬೈಯಲ್ಲಿದ್ದ ಇಪ್ಪತ್ತೆರಡು ವರ್ಷದಲ್ಲಿ ಯಾರ ಪಾರ್ಸೆಲನ್ನೂ ಒಲ್ಲೆ ಎಂದವನಲ್ಲ. ಸುಪ್ರೀತಾಳ ಮುಖ ನೋಡಿದಾಗಲೇ ಕ್ಯಾರಲ್‌ಗೆ ಅಪಾಯ ಅರ್ಥವಾಯಿತು. ಕೂಡಲೇ ಬ್ರೆಂಡಾಗೆ ಫೋನ್ ಮಾಡಿದಳು.

"ಬೆಳಗ್ಗೆಯೇ ಕೊಟ್ಟೆ ಅತ್ತಿಗೆ," ಎಂದಳು ಬ್ರೆಂಡಾ. "ಅಣ್ಣನ ಸೊಂಟಕ್ಕೆ ಹಚ್ಚುವ ಎಣ್ಣೆ ಅಂತ ಹೇಳಿದ್ದೇನೆ. ಪಾಪ, ಒಂದು ಮಾತು ಕೇಳ್ಲಿಲ್ಲ."

ಕೃಷ್ಣಪ್ಪನ ಫೋನು ಆಫ್ ಆಗಿತ್ತು. ವಿಮಾನ ಅಷ್ಟರಲ್ಲಿ ಹಾರಿಯಾಗಿತ್ತು.

ಅವನು ಬರಲಿಲ್ಲ. ಮರುದಿನ ಬೆಳಿಗ್ಗೆ ಹೋಟೆಲಿನಿಂದ ಫೋನ್ ಬಂತು. ಏರ್‌ಪೋರ್ಟಿನಲ್ಲಿ ಹಿಡಿದಿದ್ದಾರೆ. ಕೇಳಿದವರಿಗೆಲ್ಲ ಅವನದು ಒಂದೇ ಮಾತಂತೆ: "ಅದು ಎಣ್ಣೆ ಸಾರ್, ಲಿಡ್ವಿನಣ್ಣನ ಸೊಂಟಕ್ಕೆ."

ಕ್ಯಾರಲ್ ಮಂಚದ ಪಕ್ಕ ಕುಸಿದು ಎಲ್ಲವನ್ನೂ ಹೇಳಿದಳು.

"ನನ್ನ ನೋವು ನನ್ನದಾಗಿತ್ತು," ಎಂದ ಲಿಡ್ವಿನ್. "ಅದನ್ನು ಆ ಮನುಷ್ಯನ ತಲೆ ಮೇಲೆ ಯಾಕೆ ಹಾಕಿದೆ ಕ್ಯಾರಲ್?"

ಸುಪ್ರೀತಾ ಗುರುತಿನ ವಕೀಲರೊಬ್ಬರನ್ನು ಹುಡುಕಿಕೊಟ್ಟಳು. ಅವರ ಜೊತೆ ಹೋಗಿ ಕ್ಯಾರಲ್ ಹೇಳಿಕೆ ಕೊಟ್ಟಳು: ಪಾರ್ಸೆಲ್ ತರಿಸಿದ್ದು ನಾನು, ಅವನಿಗೆ ಏನೂ ಗೊತ್ತಿಲ್ಲ. ಈಗ ಅವಳ ಪಾಸ್‌ಪೋರ್ಟೂ ಕೇಸಿನಲ್ಲಿ ಸಿಕ್ಕಿಕೊಂಡಿದೆ. ಕೃಷ್ಣಪ್ಪ ಇನ್ನೂ ಹೊರಗೆ ಬಂದಿಲ್ಲ. ಊರಿನಲ್ಲಿ ಅವನ ಮಗಳ ಮದುವೆಯ ದಿನ ಮುಂದಕ್ಕೆ ಹೋಗಿದೆ. ಗಂಡಿನ ಕಡೆಯವರು ಫೋನ್ ಎತ್ತುವುದನ್ನೂ ಬಿಟ್ಟಿದ್ದಾರಂತೆ.

ಹೊಟ್ಟೆ ಉರಿಯುವ ಮಾತು ಇನ್ನೊಂದಿದೆ. ಕೆಲಸ ಹೋದೀತು, ವೀಸಾ ಹೋದೀತು ಎಂಬ ಹೆದರಿಕೆಯಲ್ಲಿ ಲಿಡ್ವಿನ್ ಡಾಕ್ಟರರು ನೋವಿನ ಬಗ್ಗೆ ಕೇಳಿದಾಗಲೆಲ್ಲ "ಪರವಾಗಿಲ್ಲ" ಎನ್ನುತ್ತಿದ್ದ. ಈಗ ಸುಪ್ರೀತಾ ಜೊತೆಯಲ್ಲಿ ಕೂತು ಬಾಯಿಬಿಡಿಸಿದಳು. ನೋವಿಗೆಂದೇ ಇರುವ ಡಾಕ್ಟರರು ನೋಡಿದರು, ಇಲ್ಲೇ ಸಿಗುವ ಮದ್ದು ಬದಲಿಸಿ ಕೊಟ್ಟರು. ಎರಡು ವಾರದಲ್ಲಿ ಅವನು ನಿದ್ದೆ ಮಾಡತೊಡಗಿದ. ನಿದ್ದೆ ಇಲ್ಲದಿರುವುದು ಈಗ ಕ್ಯಾರಲ್‌ಗೆ.

"ಒಂದು ಮಾತು ಮೊದಲೇ ನಿನ್ನ ಹತ್ರ ಕೇಳ್ಬಹುದಿತ್ತು," ಎನ್ನುತ್ತಾಳೆ ಅವಳು ಸುಪ್ರೀತಾ ಸಿಕ್ಕಾಗಲೆಲ್ಲ. "ಗೋಡೆ ಆಚೆಗೇ ಇದ್ದೆಯಲ್ಲ."

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ನೋವು ತಿನ್ನುವವರು ಇರಬಹುದು. ಆ ನೋವನ್ನು ಡಾಕ್ಟರರ ಎದುರು ಮುಚ್ಚಿಡಬೇಡಿ. ಭಂಗಿ ಬೆರೆತದ್ದು ಎಣ್ಣೆಯಾಗಲಿ, ಮಿಠಾಯಿಯಾಗಲಿ, ಮುಲಾಮಾಗಲಿ, ಇಲ್ಲಿಗೆ ತರಬೇಡಿ, ತರಿಸಬೇಡಿ. ಬೇರೆ ಮದ್ದು ತರುವುದಿದ್ದರೂ ಅನುಮತಿ ಬೇಕೇ ಎಂದು ಇಲ್ಲಿನ ಆರೋಗ್ಯ ಇಲಾಖೆಯಲ್ಲಿ ಮೊದಲೇ ವಿಚಾರಿಸಿ. ಇನ್ನೊಬ್ಬರ ಪಾರ್ಸೆಲ್ ಕೈಗೆ ಬಂದರೆ ಅವರ ಎದುರೇ ಬಿಚ್ಚಿ ನೋಡಿ, ಸಂಶಯ ಬಂದರೆ ಬೇಡ ಅನ್ನಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಕೃಷ್ಣಪ್ಪ ಆ ದಿನ ಒಮ್ಮೆ ಬೇಡ ಅಂದಿದ್ದರೆ ಇವತ್ತು ಮಗಳ ಮದುವೆಯ ಅಡುಗೆಗೆ ತಾನೇ ನಿಂತಿರುತ್ತಿದ್ದ.