ಎಡಗಡೆ ಮಡ್‌ಗಾರ್ಡಿನ ನೀಲಿ

ಬ್ರೆಡ್ ಗಾಡಿಗೆ ಬಣ್ಣ ಹೊಡೆಸಬೇಕೋ ಬೇಡವೋ ಎನ್ನುವ ಮಾತು ಆ ಮನೆಯಲ್ಲಿ ಆರು ತಿಂಗಳಿಂದ ನಡೆದಿತ್ತು. ನಡೆದಿತ್ತು ಅಂದರೆ, ಮೈದುನ ಮಾತಾಡುತ್ತಿದ್ದ, ಅತ್ತಿಗೆ ಕೇಳಿಸಿಕೊಂಡು ಹಿಟ್ಟು ನಾದುತ್ತಿದ್ದಳು. ಗಾಡಿಯೋ, ನೋಡುವ ಹಾಗಿರಲಿಲ್ಲ. ಅದರ ನೆತ್ತಿ ಮುಟ್ಟಿದರೆ ಸುಣ್ಣದ ಗೋಡೆಯ ಹಾಗೆ ಕೈಗೆ ಪುಡಿ ಮೆತ್ತುತ್ತಿತ್ತು. ಬಾನೆಟ್ಟಿನ ಬಣ್ಣ ಈರುಳ್ಳಿ ಸಿಪ್ಪೆಯಂತೆ ಎದ್ದು, ಗಾಡಿ ಓಡುವಾಗ ಹಾರಿ ಹಿಂದಿನವರ ಕಣ್ಣಿಗೆ ಬೀಳುತ್ತಿತ್ತು.

"ಅತ್ತಿಗೆ, ನಿನ್ನೆ ಹೋಟೆಲಿನವರು ಏನಂದ್ರು ಗೊತ್ತಾ? ಬ್ರೆಡ್ ಒಳಗೆ ತನ್ನಿ, ಗಾಡಿ ಮಾತ್ರ ಆಚೆ ಬೀದೀಲಿ ನಿಲ್ಸಿ ಅಂದ್ರು. ನಮ್ಮ ಗಾಡಿಗೆ ಚರ್ಮರೋಗ ಅಂತೆ."

"ಬ್ರೆಡ್ಡಿಗೇನೂ ರೋಗ ಇಲ್ಲವಲ್ಲ."

"ಅದನ್ನ ಗಾಡಿ ಮೇಲೆ ಬರೆಸೋಣ ಅಂದ್ರೂ ಬಣ್ಣ ನಿಲ್ಲಬೇಕಲ್ಲ."

"ಈ ಗಾಡಿ ಮಾರಿದರೂ ಅಷ್ಟು ದುಡ್ಡು ಬರಲ್ಲ ಕಣೋ. ಮೂಗಿಗಿಂತ ಮೂಗುತಿ ಭಾರ ಆಗುತ್ತೆ, ಸುಮ್ಮನಿರು" ಎಂದು ಅವಳು ಮಾತು ಮುಗಿಸುತ್ತಿದ್ದಳು.

ಮೂಗುತಿಯ ಮಾತೆಲ್ಲ ಬರೀ ನೆಪ. ನಿಜವಾದ ಕಾರಣ ಎಡಗಡೆಯ ಮುಂದಿನ ಮಡ್‌ಗಾರ್ಡಿನ ಮೇಲಿತ್ತು. ಅಲ್ಲಿ ಕೆನೆ ಬಣ್ಣ ಎದ್ದುಹೋಗಿ ಕೆಳಗಿನ ಹಳೆಯ ನೀಲಿ ಕಾಣುತ್ತಿತ್ತು. ಬೇರೆ ಕಡೆ ಬಣ್ಣ ಮನಸ್ಸಿಗೆ ಬಂದಂತೆ ಉದುರಿದ್ದರೆ, ಇಲ್ಲಿ ಹಾಗಲ್ಲ. ಒಂದು ಅರ್ಧ ಸುತ್ತು, ಅದರ ಪಕ್ಕಕ್ಕೆ ಇನ್ನೊಂದು ಅರ್ಧ ಸುತ್ತು, ಕೊನೆಗೆ ಕೆಳಕ್ಕೆ ಎಳೆದ ಉದ್ದನೆಯ ಗೆರೆ. ಬಟ್ಟೆ ಹಿಡಿದು ಒರೆಸಿದ ಕೈಯ ಗುರುತು ಅದು. ಯಾರೂ ಇಲ್ಲದಾಗ ಅವಳು ಒಮ್ಮೆ ಅದರ ಮೇಲೆ ಕೈ ಆಡಿಸಿ ನೋಡಿದ್ದಳು. ಅಳತೆ ಕೊಟ್ಟು ಹೊಲಿಸಿದ ರವಿಕೆಯ ಹಾಗೆ ಸರಿಯಾಗಿ ಕೂತಿತು. ಅಂದಿನಿಂದ ಗಾಡಿಯ ಎಡಗಡೆ ಹೋದಾಗಲೆಲ್ಲ ಬಲಗೈಯಲ್ಲಿ ಜಿಡ್ಡು ಬಟ್ಟೆ ಇದ್ದಂತೆ ಅನಿಸುತ್ತಿತ್ತು. ಸೋಪು ಹಚ್ಚಿ ತೊಳೆದುಕೊಳ್ಳುವಳು, ಮೂಸಿ ನೋಡುವಳು, ಮತ್ತೆ ತೊಳೆಯುವಳು.

ಹನ್ನೊಂದು ವರ್ಷದ ಹಿಂದಿನ ಮಾತು. ಆಗ ಗಾಡಿ ನೀಲಿ, ಓಡಿಸುತ್ತಿದ್ದವನು ಅವಳ ಗಂಡ. ಒಂದು ಬೆಳಿಗ್ಗೆ ಬ್ರೆಡ್ ಎಲ್ಲ ಹಂಚಿ, ಖಾಲಿ ಟ್ರೇಗಳ ಜೊತೆ ಬಂದವನು ಸೀಟಿನಿಂದ ಇಳಿಯಲೇ ಇಲ್ಲ. ಮಡ್‌ಗಾರ್ಡು ಒಳಕ್ಕೆ ಹೋಗಿತ್ತು, ಅದರ ಮೇಲೆ ಕೆಂಪು ಇತ್ತು.

"ತಿರುವಿನಲ್ಲಿ ನಾಯಿ ಅಡ್ಡ ಬಂತು" ಎಂದ. "ಬಹಳ ಹೊತ್ತು ನರಳ್ತು ಕಣೇ. ನೀರು ಕುಡಿಸಿದೆ. ಕುಡೀತು. ಆಮೇಲೆ ಹೋಯ್ತು."

ನಾಯಿಗೂ ನೀರು ಕುಡಿಸಿ ಬಂದನಲ್ಲ, ಎಂಥ ಮೆತ್ತನೆ ಮನಸ್ಸು ಎಂದು ಆ ಗಳಿಗೆಯಲ್ಲಿ ಅವನ ಮೇಲೆ ಅವಳಿಗೆ ಪ್ರೀತಿ ಉಕ್ಕಿತ್ತು. ಅದನ್ನು ನೆನೆದರೆ ಈಗಲೂ ಅವಳಿಗೆ ನಾಚಿಕೆಯಾಗುತ್ತದೆ. ಬ್ರೆಡ್ ಅಚ್ಚುಗಳಿಗೆ ಎಣ್ಣೆ ಸವರುವ ಬಟ್ಟೆ ಕೈಯಲ್ಲೇ ಇತ್ತು. ಅದರಿಂದಲೇ ಮಡ್‌ಗಾರ್ಡು ಒರೆಸಿಬಿಟ್ಟಳು. ಬೇಕರಿಯವಳಲ್ಲವೇ, ನೀರಿಗಿಂತ ಮೊದಲು ಕೈಗೆ ಸಿಗುವುದು ಎಣ್ಣೆ ಬಟ್ಟೆ.

ಮಾರನೇ ದಿನ ಅವನೇ ಪುಟ್ಟಿ ತಂದು ತಗ್ಗು ತುಂಬಿದ, ಡಬ್ಬಿ ತಂದು ಗಾಡಿಗೆಲ್ಲ ಕೆನೆ ಬಣ್ಣ ಬಳಿದ. ತಿನ್ನುವ ಪದಾರ್ಥದ ಗಾಡಿ ಬೆಳ್ಳಗಿರಬೇಕು ಎಂದ. ಮೂರನೇ ದಿನ ಪೇಪರಿನಲ್ಲಿ ಬಂತು: ತಿರುವಿನಲ್ಲಿ ವಾಕಿಂಗ್ ಹೋಗಿದ್ದ ನಿವೃತ್ತ ಮೇಷ್ಟ್ರೊಬ್ಬರು ಸತ್ತಿದ್ದಾರೆ, ದೂರದಿಂದ ಯಾರೋ ನೀಲಿ ಗಾಡಿಯೊಂದನ್ನು ಕಂಡಿದ್ದಾರೆ. ಅವಳು ಆ ಪೇಪರನ್ನು ಮಡಚಿ ಒಲೆಗೆ ಹಾಕಿದಳು. ಗಂಡನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಅವನು ಹೇಳಿಬಿಡುತ್ತಿದ್ದ. ಅದಕ್ಕೇ ಕೇಳಲಿಲ್ಲ.

ಆದರೆ ಎಣ್ಣೆ ಬಿಡಬೇಕಲ್ಲ. ವರ್ಷ ತುಂಬುವ ಮೊದಲೇ ಅಲ್ಲಿ ಬಣ್ಣ ಗುಳ್ಳೆ ಎದ್ದಿತು. ಗಾಡಿಯ ಬೇರೆ ಎಲ್ಲಿ ಗೀರು ಬಿದ್ದರೂ ತಲೆ ಕೆಡಿಸಿಕೊಳ್ಳದ ಗಂಡ, ಅಲ್ಲಿ ಮಾತ್ರ ಸಣ್ಣ ಬ್ರಷ್ ಹಿಡಿದು ಕುಕ್ಕರುಗಾಲಲ್ಲಿ ಕೂರುತ್ತಿದ್ದ. ವರ್ಷಕ್ಕೊಂದು ತೇಪೆ. ನಾಲ್ಕು ವರ್ಷದ ಹಿಂದೆ ಎದೆ ಹಿಡಿದುಕೊಂಡು ಅವನೂ ಹೋದ. ಬ್ರಷ್ ಒಣಗಿ ಕಡ್ಡಿಯಾಯಿತು, ನೀಲಿ ಹೊರಗೆ ಬಂತು.

ಅದೇ ತಿರುವಿನಲ್ಲಿ ಮೇಷ್ಟ್ರ ಮಗಳ ಟೈಲರಿಂಗ್ ಅಂಗಡಿ. ದಿನವೂ ಇವರ ಗಾಡಿಯಿಂದಲೇ ಒಂದು ಬ್ರೆಡ್ ತೆಗೆದುಕೊಳ್ಳುತ್ತಿದ್ದಳು. ಅವಳ ತಾಯಿ ಹೋದ ವರ್ಷ ತೀರಿಕೊಂಡಾಗ ಬೇಕರಿಯವಳೂ ಹೋಗಿ ಕೂತು ಬಂದಿದ್ದಳು. ಅಲ್ಲಿ ಟೈಲರ್ ಹೇಳಿದ್ದು ಒಂದೇ ಮಾತು: "ಅಮ್ಮನಿಗೆ ಕೊನೇ ತನಕ ಅದೇ ಕೊರಗು ಅಕ್ಕಾ. ಅಪ್ಪ ಬೀದೀಲಿ ಒಬ್ಬರೇ ಬಿದ್ದಿದ್ರಲ್ಲ, ಒಂದು ತೊಟ್ಟು ನೀರು ಕೊಡೋಕೂ ಯಾರೂ ಇರಲಿಲ್ಲವಲ್ಲ ಅಂತ."

ನೀರು ಕೊಟ್ಟಿದ್ದ. ನನ್ನ ಗಂಡ ನೀರು ಕೊಟ್ಟಿದ್ದ. ಅಷ್ಟೂ ವರ್ಷ ಈ ಒಂದು ಮಾತನ್ನೇ ಔಷಧಿಯ ಹಾಗೆ ನುಂಗಿಕೊಂಡು ಅವಳು ಬದುಕಿದ್ದಳು. ಅಂದೂ ಅದು ಗಂಟಲಿನ ತನಕ ಬಂದು ಹಾಗೇ ಕೆಳಗಿಳಿಯಿತು.

ಕೊನೆಗೆ ಮೈದುನನ ಬಾಯಿಗೆ ಸೋತು ಒಂದು ದಿನ ಪೇಂಟರ್ ಹತ್ತಿರ ಹೋದರು. ಮುದುಕ. ಅವನ ಕನ್ನಡಕದ ಮೇಲೂ ಬಣ್ಣದ ಚುಕ್ಕೆಗಳು. ಮೈದುನ ಟೀ ಕುಡಿಯಲು ಹೋದ. ಪೇಂಟರ್ ಗಾಡಿಯನ್ನು ಒಂದು ಸುತ್ತು ಹಾಕಿ, ಎಡಗಡೆ ಮಡ್‌ಗಾರ್ಡಿನ ಮುಂದೆ ಕೂತು ಉಗುರಿನಿಂದ ಕೆರೆದ.

"ಇಲ್ಲೊಂದು ಕಡೆ ಏಳೆಂಟು ಪದರ ಇದೆಯಲ್ಲಮ್ಮಾ. ಹೊರಗೆ ಥಳಕು, ಒಳಗೆ ಹುಳುಕು. ಯಾರೋ ಎಣ್ಣೆ ಬಟ್ಟೇಲಿ ಒರೆಸಿ, ಹಾಗೇ ಮೇಲೆ ಬಳಿದಿದ್ದಾರೆ." ಬೆರಳ ಗೆಣ್ಣಿನಿಂದ ಬಡಿದು ಕಿವಿ ಕೊಟ್ಟ. "ಕೆಳಗೆ ಪುಟ್ಟಿ ಇದೆ. ಏನೋ ಗುದ್ದಿದೆ."

"ನಾಯಿ ಅಡ್ಡ ಬಂದಿತ್ತು" ಎಂದಳು. ಗುದ್ದಿದ್ದು ಏನೆಂದು ಅವನು ಕೇಳಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ನಾಯಿ ಇಷ್ಟು ಎತ್ತರಕ್ಕೆ ತಾಗಲ್ಲಮ್ಮಾ" ಎಂದ ಮುದುಕ. ಅದರಲ್ಲಿ ಅನುಮಾನವೇನೂ ಇರಲಿಲ್ಲ, ಬರೀ ಕೆಲಸದ ಮಾತು. "ಏನಾದರೂ ಇರಲಿ. ಎಣ್ಣೆ ಮೇಲೆ ಬಣ್ಣ ನಿಲ್ಲಲ್ಲ. ತಗಡು ಕಾಣೋ ತನಕ ಉಜ್ಜಿಬಿಡ್ತೀನಿ. ಆಮೇಲೆ ಇದು ಯಾವ ಬಣ್ಣದ ಗಾಡಿ ಆಗಿತ್ತು ಅಂತ ಗಾಡಿಗೇ ಮರೆತುಹೋಗುತ್ತೆ. ಇಲ್ಲಿಂದಲೇ ಶುರು ಮಾಡ್ಲಾ?"

ಉಜ್ಜುವ ಕಾಗದವನ್ನು ಮರದ ತುಂಡಿಗೆ ಸುತ್ತಿ ಅವನು ಮಡ್‌ಗಾರ್ಡಿನ ಮೇಲಿಟ್ಟ. ನಾಲ್ಕು ನಿಮಿಷದ ಕೆಲಸ. ಅಷ್ಟಾದರೆ ಪ್ರಪಂಚದಲ್ಲಿ ಇನ್ನು ಯಾರಿಗೂ ಏನೂ ಗೊತ್ತಾಗುವುದಿಲ್ಲ. ಗಂಡನ ಹೆಸರು ಉಳಿಯುತ್ತದೆ, ಬೇಕರಿ ಉಳಿಯುತ್ತದೆ, ಪಾಪ ಈ ಮೈದುನನಿಗೂ ಒಂದು ದಾರಿಯಾಗುತ್ತದೆ. ಅವಳಿಗೆ ಎಲ್ಲಾ ಗೊತ್ತಿತ್ತು. ಆದರೆ ಮುದುಕನ ಕೈ ಆಡಿದ ಮೊದಲ ಸದ್ದಿಗೇ ಅವಳ ಬಲಗೈಯಲ್ಲಿ ಆ ಬಟ್ಟೆ ಬಂದು ಕೂತಿತು, ಬೆಚ್ಚಗೆ. ತಾನೇ ಮತ್ತೆ ಒರೆಸುತ್ತಿದ್ದೇನೆ ಅನಿಸಿತು.

"ಬೇಡ, ಬಿಡಿ" ಎಂದಳು.

ಮೈದುನ ದಾರಿಯುದ್ದಕ್ಕೂ ಗೊಣಗಿದ. ತಿರುವಿನಲ್ಲಿ ನಿಲ್ಲಿಸು ಎಂದಾಗ, ಬ್ರೆಡ್ ಇಲ್ಲದ ಗಾಡಿ ನಿಲ್ಲಿಸಿ ಏನು ಮಾರೋದು ಅತ್ತಿಗೆ ಎಂದು ನಕ್ಕ. ಅವಳು ಇಳಿದು ಅಂಗಡಿಯೊಳಗೆ ಹೋದಳು. ಟೈಲರ್ ಮಿಷನ್ನಿನ ಮುಂದೆ ಕೂತು ಒಂದು ಅಂಗಿಗೆ ತೋಳು ಕೂಡಿಸುತ್ತಿದ್ದಳು. ಬೇಕರಿಯವಳು ನಿಂತುಕೊಂಡೇ ಎಲ್ಲ ಹೇಳಿದಳು. ಗಾಡಿ, ನಾಯಿ ಬಹಳ ಹೊತ್ತು ನರಳಿತು ಎಂದ ಗಂಡನ ಮಾತು, ಎಣ್ಣೆ ಬಟ್ಟೆ, ಪೇಪರು, ಒಲೆ. ಹೇಳಿ ಮುಗಿಯುವ ಹೊತ್ತಿಗೆ ಮಿಷನ್ ನಿಂತಿತ್ತು.

"ನಿಮ್ಮಮ್ಮ ಅಂದುಕೊಂಡ ಹಾಗಲ್ಲಮ್ಮಾ" ಎಂದಳು ಕೊನೆಗೆ. ಕೊಡಲು ಅವಳ ಹತ್ತಿರ ಇದ್ದದ್ದು ಅದೊಂದೇ. "ಅವರು ಒಬ್ಬರೇ ಇರಲಿಲ್ಲ. ನಮ್ಮನೆಯವರು ಪಕ್ಕದಲ್ಲೇ ಇದ್ದರು. ನೀರು ಕುಡಿಸಿದರು. ಉಸಿರು ಹೋಗೋ ತನಕ ಇದ್ದರು."

ಟೈಲರ್ ಬಾಗಿಲಾಚೆ ನಿಂತಿದ್ದ ಗಾಡಿಯನ್ನು ನೋಡಿದಳು. ಅಲ್ಲಿಂದ ಮಡ್‌ಗಾರ್ಡು ಸರಿಯಾಗಿ ಕಾಣುತ್ತಿತ್ತು.

"ಬಹಳ ಹೊತ್ತು ನರಳಿದ್ರು ಅಂದ್ರಲ್ಲ."

"ಹೂಂ."

"ನೀರು ಕುಡಿಯೋ ಅಷ್ಟು ಜೀವ ಇತ್ತು."

"ಹೂಂ."

"ಆಗ ಗಾಡಿ ಹಿಂದುಗಡೆ ಏನಿತ್ತು ಅಕ್ಕಾ?"

ಬೇಕರಿಯವಳಿಗೆ ಉತ್ತರ ಗೊತ್ತಿತ್ತು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅವಳು ಆ ಕಡೆ ಯೋಚನೆ ಹರಿಯಗೊಟ್ಟಿರಲಿಲ್ಲ, ಅಷ್ಟೇ. ಬ್ರೆಡ್ ಹಂಚಿ ಮುಗಿದಿತ್ತು. ಟ್ರೇ ಸರಿಸಿದ್ದರೆ ಒಬ್ಬ ಮನುಷ್ಯ ಆಸ್ಪತ್ರೆಯ ತನಕ ಕಾಲು ಚಾಚಿ ಮಲಗುವಷ್ಟು ಜಾಗ.

"ಏನೂ ಇರಲಿಲ್ಲ. ಖಾಲಿ ಇತ್ತು" ಎಂದಳು.

ಟೈಲರ್ ತಲೆಯಾಡಿಸಿದಳು. ಸೂಜಿಯನ್ನು ಮೇಲೆತ್ತಿ, ಅಂಗಿಯನ್ನು ಬಿಡಿಸಿ ಮಡಚಿಟ್ಟಳು. "ಗಾಡಿಗೆ ಬಣ್ಣ ಹೊಡೆಸಬೇಡಿ" ಎಂದಳು. "ಪೊಲೀಸರ ಹತ್ತಿರ ಹೋಗೋಣ. ಅವರೂ ನೋಡಲಿ."

ಮೈದುನ ಹಿಂದಿನ ಬಾಗಿಲು ತೆಗೆದು ಕೊಟ್ಟ, ಮುಂದೆ ಓಡಿಸುವವನ ಪಕ್ಕ ಸೀಟು ಒಂದೇ ಇದ್ದದ್ದು. ಅದರಲ್ಲಿ ಟೈಲರನ್ನು ಕೂರಿಸಿ, ಬೇಕರಿಯವಳು ಹಿಂದೆ ಹತ್ತಿ, ಖಾಲಿ ಟ್ರೇಗಳನ್ನು ಪಕ್ಕಕ್ಕೆ ಸರಿಸಿ ನೆಲದ ಮೇಲೆ ಕೂತಳು. ಜಾಗ ಧಾರಾಳವಾಗಿತ್ತು.