ಏಳು ಪಾಯಿಂಟ್ ನಾಲ್ಕು

ಬೋರಲಾಗಿ ಹಿಡಿದ ಸಣ್ಣ ಗಾಜಿನ ಕೊಳವೆಯನ್ನು ಅವಳು ಕೊಳದಲ್ಲಿ ಮೊಳಕೈ ಮುಳುಗುವಷ್ಟು ಆಳಕ್ಕೆ ಇಳಿಸಿ, ನೀರಿನೊಳಗೇ ತಿರುಗಿಸಿದಳು. ಮೇಲಿನ ನೀರು ಸುಳ್ಳು ಹೇಳುತ್ತದೆ. ಗೆರೆಗಿಂತ ಹೆಚ್ಚಾದದ್ದನ್ನು ಚೆಲ್ಲಿದಳು. ಐದು ಹನಿ ಬಣ್ಣ. ಮುಚ್ಚಳ ಹಾಕಿ ಮೆಲ್ಲಗೆ ಎರಡು ಸಲ ಮಗುಚಿ ಬೆಳಕಿಗೆ ಹಿಡಿದಳು.

“ಏಳು ಪಾಯಿಂಟ್ ಎಂಟು.”

“ಪಾಸಾ, ಫೇಲಾ, ಮೇಡಂ?” ಕುರ್ಚಿಯಲ್ಲಿದ್ದ ಗಂಡ ಕೇಳಿದ.

ನಗರದ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಇಪ್ಪತ್ತೆಂಟು ವರ್ಷ ಅವಳನ್ನು ಎಲ್ಲರೂ ಕರೆದದ್ದು ಹಾಗೆ. ನಿವೃತ್ತಿಯಾದ ಮೇಲೆ ಆ ಹೆಸರು ಉಳಿದದ್ದು ಅವನ ಬಾಯಲ್ಲಿ ಮಾತ್ರ, ಅರ್ಧ ತಮಾಷೆಯಾಗಿ.

ಮನೆ ಹಿಂದಿನ ಈಜುಕೊಳದ ಹೊದಿಕೆ ತೆಗೆದು ಎಂಟು ದಿನ. ಚಳಿಗಾಲವಿಡೀ ಮುಚ್ಚಿಟ್ಟ ನೀರು ಪಾಚಿಗಟ್ಟಿತ್ತು. ಕೆಲಸದವರನ್ನು ಕರೆಸೋಣ ಎಂದಾಗ ಅವಳು ನಕ್ಕಿದ್ದಳು. ಮೊದಲು ಸೋಡಾ ಹಾಕಿ ನೀರಿನ ಕ್ಷಾರವನ್ನು ಹದಕ್ಕೆ ತರಬೇಕು, ಆಮೇಲೆ ಆಸಿಡ್. ಹಿಂದುಮುಂದಾಯಿತೋ, ದಿನವಿಡೀ ಅಳೆಯುತ್ತಲೇ ಕೂರಬೇಕು. ಕೆಲಸದವರಿಗೆ ಅದೆಲ್ಲಿ ಗೊತ್ತು.

ಮೊಮ್ಮಗಳು ಬೆಳಿಗ್ಗೆ ಅಮ್ಮನ ಜೊತೆ ಬಂದಾಗಿನಿಂದ ಈಜುಡುಗೆಯಲ್ಲೇ ಇದ್ದಳು. ಈಜುಗನ್ನಡಕ ಹಣೆಯ ಮೇಲೆ.

“ಅಜ್ಜಿ, ಈಗ ಇಳೀಲಾ?”

“ಇನ್ನೊಂಚೂರು ಆಸಿಡ್ ಹಾಕ್ಬೇಕು ಮರಿ. ಎರಡು ಗಂಟೆ ತಡ್ಕೊ.”

“ಆಮೇಲೆ?”

“ಆಮೇಲೆ ನೋಡೋಣ.”

ಪುಸ್ತಕದ ಪ್ರಕಾರ ನೀರಿನ ಪಿಎಚ್ ಏಳು ಪಾಯಿಂಟ್ ಎಂಟಿದ್ದರೂ ಇಳಿಯಬಹುದಿತ್ತು. ಅದು ಅವಳಿಗೊಬ್ಬಳಿಗೇ ಗೊತ್ತು; ಬಾಯಿ ಬಿಡಲಿಲ್ಲ. ಇಳಿಯಬಹುದಾದ ನೀರು ಬೇರೆ, ತನ್ನ ನೀರು ಬೇರೆ: ಏಳು ಪಾಯಿಂಟ್ ನಾಲ್ಕು. ಮೂರು ಲಕ್ಷ ಜನ ಅವಳ ಸಹಿ ಬಿದ್ದ ನೀರು ಕುಡಿದಿದ್ದರು. ಒಬ್ಬರೂ ಲೋಟವನ್ನು ಬೆಳಕಿಗೆ ಹಿಡಿದು ನೋಡಿದವರಲ್ಲ. ಇದನ್ನಾದರೂ ನೋಡಲಿ. ಮಗು ಮೊದಲ ಸಲ ತೇಲುವುದು ಇದರಲ್ಲೇ ಆಗಲಿ, ದೊಡ್ಡವಳಾದ ಮೇಲೂ ಹೇಳಿಕೊಳ್ಳಲಿ.

ಮಧ್ಯಾಹ್ನ ಎರಡು ಗಂಟೆಗೆ ಏಳು ಪಾಯಿಂಟ್ ಆರು. ಮತ್ತೆ ಅರ್ಧ ಲೋಟ ಆಸಿಡ್ ಸುರಿದಳು, ಪಂಪಿನ ಬಾಯಿಯ ಹತ್ತಿರ, ಹನಿಯೂ ಸಿಡಿಯದಂತೆ.

“ನಿನ್ನದು ನೀರಲ್ಲಿ ಹೋಮ ಕಣೇ,” ಅಂದ ಗಂಡ. “ಈಜೋ ನೀರು ಅದು. ಕಣ್ಣಿಗೆ ಬಿಡೋ ಔಷಧಿ ಅಲ್ಲ.”

“ಕಣ್ಣಿಗೂ ಬಿಡಬಹುದು ರೀ.”

ಹೇಳುವಾಗ ಅವಳ ಬೆನ್ನು ನೆಟ್ಟಗಾಯಿತು.

“ಅಜ್ಜಿ, ನಿಂಗೆ ಈಜು ಬರಲ್ವಂತೆ, ಹೌದಾ?”

“ಯಾರು ಹೇಳಿದ್ದು?”

“ಅಮ್ಮ.”

ಮಗಳು ಫೋನಿನಿಂದ ತಲೆ ಎತ್ತಲಿಲ್ಲ. “ಸುಮ್ನೆ ಮಾತಿಗೆ ಬಂತು. ನಂಗೆ ಕಲ್ಸಿದ್ದು ಪಕ್ಕದ್ಮನೆ ಆಂಟಿ ಅಂತ ಹೇಳ್ತಿದ್ದೆ. ನೀನು ಆವಾಗ ಲ್ಯಾಬಲ್ಲಿ ಇರ್ತಿದ್ದೆ ಅಲ್ವಾ.”

“ಭಾನುವಾರ ಇರ್ತಿರ್ಲಿಲ್ಲ.”

“ಭಾನುವಾರಾನೂ ಇರ್ತಿದ್ದೆ, ಅಮ್ಮ.” ಫೋನಿನಲ್ಲಿ ಗಂಟೆ ನೋಡಿ, “ಐದಕ್ಕೆ ಹೊರಡ್ಬೇಕು ನಾವು,” ಅಂದಳು.

ಅವಳು ಕೊಳವೆ ತೊಳೆಯತೊಡಗಿದಳು. ಮೂರು ಸಲ ತೊಳೆಯುವುದು ವಾಡಿಕೆ. ಐದು ಸಲ ತೊಳೆದಳು.

ನಾಲ್ಕೂವರೆಗೆ ಮತ್ತೆ ಐದು ಹನಿ. ಕೊಳವೆಯೊಳಗಿನ ಕೆಂಪು ತಿಳಿಯಾಗಿ, ಹೋಲಿಸಿ ನೋಡುವ ಪಟ್ಟಿಯ ಮೇಲಿನ ಬಣ್ಣದೊಂದಿಗೆ ಒಂದಾಯಿತು. ಏಳು ಪಾಯಿಂಟ್ ನಾಲ್ಕು. ಕೊಳದ ತಳದ ಹಾಸುಬಿಲ್ಲೆಗಳ ಸಂದುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಇದೆಯೋ ಇಲ್ಲವೋ ಅನ್ನಿಸುವಂಥ ನೀರು. ಇಡೀ ಊರಿನಲ್ಲಿ ಇಂಥದ್ದು ಇನ್ನೊಂದಿಲ್ಲ.

“ಆಯ್ತು,” ಎಂದು ತಿರುಗಿದಳು.

ಕುರ್ಚಿಗಳು ಖಾಲಿ. ಗಾಜಿನ ಬಾಗಿಲಿನಾಚೆ ಮೊಮ್ಮಗಳು ಸೋಫಾದಲ್ಲಿ ನಿದ್ದೆ ಹೋಗಿದ್ದಳು, ಕನ್ನಡಕ ಹಣೆಯ ಮೇಲೇ ಇತ್ತು. ಮಗಳು ಒದ್ದೆಯಾಗದ ಟವೆಲನ್ನು ಮಡಿಸಿ ಚೀಲಕ್ಕೆ ಹಾಕುತ್ತಿದ್ದಳು. ಗಂಡ ಏನೋ ಹೇಳಿದ. ಇಬ್ಬರೂ ಸದ್ದಿಲ್ಲದೆ ನಕ್ಕರು.

ಅವಳು ಚಪ್ಪಲಿ ಬಿಟ್ಟು ಉಟ್ಟ ಬಟ್ಟೆಯಲ್ಲೇ ಮೆಟ್ಟಿಲಿಳಿದಳು. ಒಂದು, ಎರಡು, ಮೂರು. ನೀರು ಸೊಂಟಕ್ಕೆ ಬಂತು. ಮುಂದೆ ಮೆಟ್ಟಿಲಿಲ್ಲ. ಇಷ್ಟು ವರ್ಷ ಮೊಳಕೈಯವರೆಗೆ ಮಾತ್ರ ಗೊತ್ತಿದ್ದ ನೀರು. ಕೊಳವೆ ನೀರಿಗೆ ತಾಗದಂತೆ ಕೈಯನ್ನು ತಲೆಯ ಮೇಲೆತ್ತಿ ಹಿಡಿದಳು. ಅವಳಿಂದ ಹೊರಟ ಅಲೆ ಆಚೆ ದಡ ಮುಟ್ಟಿ ವಾಪಸು ಬಂತು, ಹೊಟ್ಟೆಗೆ ತಾಗಿತು, ನಿಂತಿತು.

“ರೀ,” ಅಂದಳು ಗಾಜಿನ ಬಾಗಿಲ ಕಡೆಗೆ. “ಯಾರಾದ್ರೂ ಬಂದು ಸ್ವಲ್ಪ ಕೈ ಹಿಡ್ಕೊಳ್ಳಿ.”